ಡಾರ್ಕ್‌ರೂಮ್ ಮುಚ್ಚಿದ ಮೇಲೆ

ಕಲೂರ್ ಬಸ್‌ಸ್ಟ್ಯಾಂಡಿನ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕಾಸರಗೋಡಿನ ಕೃಷ್ಣಾನಂದನೇ ಹಿರಿಯ ಎಕ್ಸ್‌ರೇ ಟೆಕ್ನೀಷಿಯನ್. ಕಂಪ್ಯೂಟರ್ ಎಕ್ಸ್‌ರೇ ಬಂದ ಹೊಸತು. ಮಧ್ಯಾಹ್ನವಾದರೂ ರೋಗಿಗಳ ಸಾಲು ಕರಗಿರಲಿಲ್ಲ, ಅವನ ಸೊಂಟ ಹಿಡಿದುಕೊಂಡಿತ್ತು. ಅಂಥ ಹೊತ್ತಿಗೇ ಅವನನ್ನು ಕಂಡುಹೋಗಲು ತಿರುವನಂತಪುರದಿಂದ ಜುಬೈದಾ ಬಂದಳು. ಒಂದು ಕಾಲದಲ್ಲಿ ಅವನ ಕೈಕೆಳಗೆ ಕಲಿತವಳು, ಈಗ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಸಿಬ್ಬಂದಿಗೆ ಕಲಿಸುವವಳು.

ಹೊಸದಾಗಿ ಸೇರಿದ, ಅವನ ಊರ ಕಡೆಯ ಹುಡುಗಿ ಸರೋಜ ಆಗಷ್ಟೇ ಆಕರ್ಷನೆಂಬ ಪುಟ್ಟ ಹುಡುಗನ ಎದೆಯ ಚಿತ್ರ ತೆಗೆದಿದ್ದಳು. ನ್ಯುಮೋನಿಯಾ. ವಾರ ಬಿಟ್ಟು ಇನ್ನೊಂದು ಚಿತ್ರಕ್ಕೆ ಅವನು ಮತ್ತೆ ಬರಬೇಕಿತ್ತು.

“ಚಿತ್ರ ಚಂದ ಬಂದಿದೆ,” ಎಂದ ಕೃಷ್ಣಾನಂದ.

ಜುಬೈದಾ ಪರದೆಯ ಮೂಲೆಯಲ್ಲಿ ಕಿರಣದ ಪ್ರಮಾಣ ತೋರಿಸುವ ಸಂಖ್ಯೆ ನೋಡಿದಳು. “ಚಂದ ಬಂದದ್ದು ಹೌದು ಕೃಷ್ಣಣ್ಣ. ಆದ್ರೆ ದೊಡ್ಡವರಿಗೆ ಕೊಡುವಷ್ಟು ಕಿರಣ ಕೊಟ್ಟಾಗಿದೆ. ಮಕ್ಕಳ ಮೈಗೆ ಬೇಡದ ಕಿರಣ ಒಳ್ಳೇದಲ್ಲ.”

ಸರೋಜಳ ಮುಖ ಸಪ್ಪಗಾಯಿತು. “ಕಮ್ಮಿ ಮಾಡಿದ್ರೆ ಚಿತ್ರ ಹಾಳಾಗ್ತದೆ ಅಂತ ಹೆದರಿಕೆ ಅಕ್ಕ. ಯಾರೂ ಹೇಳಿಕೊಡ್ಲಿಲ್ಲ.”

“ಹೇಳಿಕೊಡ್ಲಿಕ್ಕೆ ಪುರುಸೊತ್ತು ಎಲ್ಲುಂಟು ಮಾರಾಯ್ತಿ?” ಕೃಷ್ಣಾನಂದ ರೇಗಿದ. “ಯಂತ್ರದ ಕಂಪನಿಯವರು ಒಂದು ಮಧ್ಯಾಹ್ನ ತೋರಿಸಿ ಹೋದ್ರು. ಡ್ಯೂಟಿಯಲ್ಲಿದ್ದವರು ಅದನ್ನೂ ನೋಡ್ಲಿಲ್ಲ. ಇನ್ನು ಕ್ಲಾಸ್ ಅಂತ ಕೂತ್ರೆ ಸಾಲಲ್ಲಿ ನಿಂತವರು ನನ್ನನ್ನು ಬಿಡ್ತಾರಾ?”

“ನನಗೆ ನೀವು ಕ್ಲಾಸ್ ಮಾಡಿದ್ರಾ? ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನಿಂದ ಒದ್ದೆ ಫಿಲ್ಮ್ ಹಿಡ್ಕೊಂಡು ಬಂದು ಬೈತಿದ್ರಿ, ಕಿರಣ ಜಾಸ್ತಿಯಾಗಿ ಕಪ್ಪಾಗಿದೆ ನೋಡು ಅಂತ. ಆ ಬೈಗುಳದಲ್ಲೇ ನಾನು ಕಲ್ತದ್ದು. ಈಗ ಕಿರಣ ಜಾಸ್ತಿಯಾದ್ರೂ ಕಂಪ್ಯೂಟರ್ ಚಿತ್ರ ಸರಿ ಮಾಡಿ ಕೊಡ್ತದೆ, ತಪ್ಪು ಕಾಣುದೇ ಇಲ್ಲ. ಹಾಗಾಗಿ ಕಲಿಸುದನ್ನೂ ಡ್ಯೂಟಿ ಪಟ್ಟಿಯಲ್ಲೇ ಹಾಕ್ಬೇಕು. ವಾರಕ್ಕೊಮ್ಮೆ, ಜನ ಕಮ್ಮಿ ಇರುವ ಹೊತ್ತು. ಹೊಸಬರು ಕೆಲಸ ಮಾಡ್ಲಿ, ನೀವು ಪಕ್ಕದಲ್ಲಿ ನಿಂತು ತಿದ್ದಿ. ಸಾಲು ನೋಡ್ಲಿಕ್ಕೆ ಇನ್ನೊಬ್ರನ್ನು ಮೊದಲೇ ಗೊತ್ತು ಮಾಡಿ.”

ಕೃಷ್ಣಾನಂದ ಹಳೆಯ ಬಾಗಿಲಿನತ್ತ ತಿರುಗಿ ನೋಡಿದ. ಡಾರ್ಕ್‌ರೂಮಿನಲ್ಲಿ ಈಗ ಮುರಿದ ಕುರ್ಚಿಗಳಿದ್ದವು. ಅದಕ್ಕೆ ಬೀಗ ಬಿದ್ದಾಗ ರಾಸಾಯನಿಕದ ನಾತ ತಪ್ಪಿತೆಂದು ಖುಷಿಪಟ್ಟವನು ಅವನೇ. ಹೊರಗೆ ಆಕರ್ಷ ಅಮ್ಮನ ಹೆಗಲ ಮೇಲೆ ಕೆಮ್ಮುತ್ತಿದ್ದ. ಕೃಷ್ಣಾನಂದ ಡ್ಯೂಟಿ ಪಟ್ಟಿ ಕೈಗೆತ್ತಿಕೊಂಡ.

“ಆಯ್ತು ಮಾರಾಯ್ತಿ. ಪಟ್ಟಿಯಲ್ಲಿ ಹಾಕುವ.”

ಮುಂದಿನ ವಾರ ಆಕರ್ಷ ಬಂದಾಗ ಕೃಷ್ಣಾನಂದ ಸೊಂಟ ಹಿಡಿದುಕೊಂಡೇ ಸರೋಜಳ ಪಕ್ಕ ನಿಂತ. ಅವನು ಹೇಳಿದಷ್ಟಕ್ಕೆ ಅವಳು ಕಿರಣ ಇಳಿಸಿದಳು. ಚಿತ್ರ ಸ್ಪಷ್ಟವಾಗಿಯೇ ಬಂತು.

“ಇಷ್ಟೇ ಸಾಕಿತ್ತಾ ಸಾರ್?”

“ಇಷ್ಟೇ ಸಾಕಿತ್ತು,” ಎಂದ ಅವನು. ಹಿಂದೆ ಜಾಸ್ತಿ ಕಿರಣ ತಗೊಂಡು ಹೋದ ಮಕ್ಕಳೆಲ್ಲ ಅವನಿಗೆ ನೆನಪಾದರು.

ಆಸ್ಪತ್ರೆ ನಡೆಸುವವರೇ, ಹಿರಿಯ ಟೆಕ್ನೀಷಿಯನ್ನರೇ, ನಿಮ್ಮ ಡಾರ್ಕ್‌ರೂಮಿಗೂ ಬೀಗ ಬಿದ್ದಿರಬಹುದು, ಅದರೊಂದಿಗೆ ಕಲಿಸುವುದೂ ನಿಂತಿರಬಹುದು. ಕಲಿಸುವ ಗಂಟೆಯನ್ನು ಈ ವಾರದ ಪಟ್ಟಿಯಲ್ಲೇ ಸೇರಿಸಿ. ದಣಿದಿದ್ದೀರಿ, ಗೊತ್ತು. ಆದರೆ ತನಗೆ ಎಷ್ಟು ಕಿರಣ ಸಾಕೆಂದು ಮಗು ಹೇಳಲಾರದು. ನೀವೇ ತಿಳಿದಿರಬೇಕು.