ಮನೆಯಡುಗೆಯ ಮಾತು

"ದಾರಿ ಬಿಡಿ, ಹೂವಿನ ಬುಟ್ಟಿ ಬರ್ತಿದೆ," ಎಂದು ಆಕೆ ಅಂದದ್ದೇ ತಡ, ನಡುಮನೆಯಲ್ಲಿದ್ದವರೆಲ್ಲ ಗಕ್ಕನೆ ತಿರುಗಿದರು. ಮೂವತ್ತು ವರ್ಷ ಬೆಳಗಿನ ಏಳು ಗಂಟೆಗೆ ರೇಡಿಯೋ ನಾಟಕದಲ್ಲಿ ಗಂಡನನ್ನು ಗದರಿಸಿದ ದನಿ ಅದು. ಆ ಗಂಡನಾಗಿ ಮಾತಾಡುತ್ತಿದ್ದವರು ಇಲ್ಲಿ ಚಾಪೆಯ ಮೇಲೆ ತಣ್ಣಗೆ ಮಲಗಿದ್ದರು.

ರೇಡಿಯೋ ಕೇಳಿಯೇ ಈ ಮನೆಯನ್ನು ಬಲ್ಲ ಬೀದಿ ಕೊನೆಯ ದರ್ಜಿ ಓಡಿಬಂದು ಆಕೆಯ ಕೈ ಹಿಡಿದ. "ಧೈರ್ಯ ತಗೊಳ್ಳಿ ಅಮ್ಮಾ. ಎಷ್ಟು ಬೈದ್ರೂ ಯಜಮಾನ್ರ ಮೇಲೆ ನಿಮಗೆ ಜೀವ ಅಂತ ನಮಗೆ ಗೊತ್ತಿಲ್ವಾ?"

"ಅಯ್ಯೋ, ನಾನಲ್ಲಪ್ಪಾ..."

"ದುಃಖದಲ್ಲಿ ಹಾಗೇ ಆಗುತ್ತೆ ತಾಯಿ," ಎಂದು ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಅಜ್ಜಿ ಆಕೆಯ ಬೆನ್ನು ಸವರಿದಳು. ಗೋಡೆಗೊರಗಿ ಕೂತಿದ್ದ ನಿಜವಾದ ಹೆಂಡತಿಯ ಕಡೆ ತಿರುಗಿ, "ಒಂದು ಲೋಟ ನೀರು ಕೊಡಮ್ಮ, ಪಾಪ, ಇವರಿಗೆ," ಎಂದಳು.

ಹೆಂಡತಿ ಎದ್ದು ನೀರು ತಂದುಕೊಟ್ಟಳು.

ಮಗಳಿಗೆ ಉರಿದುಹೋಯಿತು. "ಅಮ್ಮಾ, ಹೇಳಿಬಿಡ್ಲಾ?"

"ಬೇಡ ಬಿಡೇ. ಕೇಳಿ ಪಡೆಯೋ ಪಟ್ಟಾನಾ ಇದು?"

ಬಾಯಿ ಹಾಗೆಂದರೂ, ಇವತ್ತೊಂದು ದಿನವಾದರೂ ನಾಲ್ಕು ಜನ ತನ್ನನ್ನು ಅವರ ಹೆಂಡತಿ ಎಂದು ಗುರುತಿಸಲಿ ಎಂಬ ಆಸೆ ಅವಳಿಗೂ ಇತ್ತು.

*

ಆ ಮೂವತ್ತು ವರ್ಷವೂ ಅಡುಗೆಮನೆ ಬಾಗಿಲ ಮರೆಯಲ್ಲಿ ಗಂಡ ಪೆನ್ಸಿಲ್ ಹಿಡಿದು ನಿಲ್ಲುತ್ತಿದ್ದರು. ಒಳಗೆ ಹೆಂಡತಿಯ ಬಾಯಿಂದ ಸಿಡಿದದ್ದೆಲ್ಲ ಹಳೆಯ ಲಕೋಟೆಯ ಬೆನ್ನಿಗೆ ಇಳಿಯುತ್ತಿತ್ತು.

"ಮತ್ತೆ ಬರ್ಕೊಂಡ್ರಾ? ನಾನು ಬೈದ್ರೆ ನಿಮಗೆ ನಾಟೋದೇ ಇಲ್ವಾ?"

"ನಾಟುತ್ತೆ ಕಣೇ. ನಾಳೆ ಬೆಳಗ್ಗೆ ಊರಿಗೆಲ್ಲ ನಾಟುತ್ತೆ. ಕೊನೇಲಿ ನಿನ್ನ ಹೆಸರು ಹೇಳ್ಲಾ?"

"ಗಂಡನ್ನ ಬೈಯೋಳು ಅಂತ ಡಂಗುರ ಹೊಡಿಸ್ತೀರಾ? ನನ್ನಾಣೆ, ಬೇಡ."

ಆಣೆಯನ್ನು ಅವರು ಉಳಿಸಿಕೊಂಡರು. ಬರೆದದ್ದನ್ನು ರೇಡಿಯೋದ ಜೊತೆಗಾತಿಯ ಕೈಗಿಡುವಾಗ ಮಾತ್ರ, "ಮನೆಯಡುಗೆ ಕಣಮ್ಮ, ಆರೋದರೊಳಗೆ ಬಡಿಸು," ಎನ್ನುತ್ತಿದ್ದರು.

*

ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಎತ್ತಿದರು. ಬಾಗಿಲು ಕಿರಿದು, ಹೊಸಿಲ ಬಳಿ ತಡವರಿಸಿದರು. ಹೆಂಡತಿ ಎದ್ದು ನಿಂತಳು. ಭಗವಂತ ಕೊಟ್ಟ ನಾಲಿಗೆ, ತಡೆದರೆ ನಿಲ್ಲುತ್ತದೆಯೇ?

"ರೀ! ಹೊರಡಿ ಅಂದ್ರೆ ಒಂದು ಗಂಟೆ ಚಪ್ಪಲಿ ಹುಡುಕ್ತಿದ್ರಿ. ಕಾಲಲ್ಲೇ ಇದೆ ಅಂತ ನಾನೇ ಹೇಳ್ಬೇಕಿತ್ತು. ಇವತ್ತು ನೋಡಿ, ಬರಿಗಾಲಲ್ಲಿ, ಒಂದು ಮಾತೂ ಕೇಳ್ದೆ ಹೊರಟುಬಿಟ್ರಲ್ರೀ!"

ದರ್ಜಿ ಅವಳನ್ನೂ ರೇಡಿಯೋದಾಕೆಯನ್ನೂ ಬೆರಗಿನಿಂದ ನೋಡಿದ. "ಇದು... ನಮ್ಮ ಏಳು ಗಂಟೆ ಬೈಗುಳ ಅಲ್ವಾ?"

"ಹೌದಪ್ಪಾ," ಎಂದು ರೇಡಿಯೋದಾಕೆ ಕಣ್ಣೊರೆಸಿಕೊಂಡಳು. "ನಾನು ಬಡಿಸಿದೋಳು ಅಷ್ಟೇ. ಮಾಡಿದ್ದೆಲ್ಲ ಅಕ್ಕ."

ದರ್ಜಿ ಆಕೆಯ ಕೈಬಿಟ್ಟು ಹೆಂಡತಿಯ ಮುಂದೆ ಬಂದು ಕೈಮುಗಿದ. "ತಪ್ಪಾಯ್ತು ತಾಯಿ. ನಿಮ್ಮ ಬೈಗುಳ ಕೇಳದೆ ನಾನು ಅಂಗಡಿ ತೆಗೆದೋನೇ ಅಲ್ಲ!"

"ಹಾಗಾದ್ರೆ ಇನ್ನು ಇಲ್ಲೇ ಬಂದು ಬೈಸ್ಕೊಂಡು ಹೋಗಪ್ಪಾ," ಎಂದಳು ಅವಳು.

ಅಜ್ಜಿ ಮೊದಲು ಕಿಸಕ್ಕೆಂದಳು. ನಗು ನಡುಮನೆ ತುಂಬಿ ಅಂಗಳಕ್ಕೆ ಹರಿಯಿತು. ಹೊತ್ತವರ ಹೆಗಲುಗಳೂ ಕುಲುಕಿದವು. ಮೇಲೆ ಮಲಗಿದವರ ಎದೆಯ ಹೂಗಳು ಅವರೇ ತಡೆಯಲಾರದೆ ನಗುತ್ತಿರುವಂತೆ ಕುಣಿಕುಣಿದು ಹೊಸಿಲ ಮೇಲೆ ಉದುರತೊಡಗಿದವು.