ಕುದುರೆ ಯಾರದು, ಗಾಡಿ ಯಾರದು

ನಮ್ಮಕ್ಕನ ಕುದುರೆಗೆ ಹೊಟ್ಟೆನೋವು ಬಂದ ದಿನ ಬೀದಿಯ ಗಡಿಯಾರಗಳೆಲ್ಲ ನಿಂತುಹೋದವು. ಅದು ಬಿದ್ದು ಹೊರಳಾಡಿದ ರಭಸಕ್ಕೆ ನೆಲ ನಡುಗಿ, ಮೂಲೆಯಂಗಡಿಯ ಕ್ಷೌರಿಕ ಯಾರದೋ ಮೀಸೆಯನ್ನು ಒಂದೇ ಕಡೆ ಬೋಳಿಸಿಬಿಟ್ಟ. ನಂಬದಿದ್ದರೆ ಬಿಡಿ, ಅರ್ಧ ಮೀಸೆಯವನು ಇನ್ನೂ ಬದುಕಿದ್ದಾನೆ.

ಕುದುರೆಯನ್ನು ನಾವು ಕರೆಯುತ್ತಿದ್ದದ್ದೇ ಜಂಬದಕೋಳಿ ಎಂದು. ಕಂದು ಬಣ್ಣದ ಹೆಣ್ಣುಕುದುರೆ, ಕತ್ತೆತ್ತಿ ನಡೆದರೆ ಊರೆಲ್ಲ ತನ್ನದೇ ಎಂಬ ಬಿಂಕ. ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವುದು ಅದರ ಕಸುಬು, ಲಗಾಮು ಹಿಡಿದು ಪಕ್ಕದಲ್ಲಿ ನಡೆಯುವುದು ಅಕ್ಕನ ಕಸುಬು. ಭಾವ ಹೋದಮೇಲೆ ಅಕ್ಕ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅದರ ಹತ್ತಿರ ಮಾತ್ರ. ನಾನೂ ಇದ್ದೆ. ಆದರೆ ನಾನು ಮಧ್ಯೆ ಬಾಯಿ ಹಾಕುತ್ತೇನೆ, ಕುದುರೆ ಹಾಕುವುದಿಲ್ಲ.

ಪಶುವೈದ್ಯರು ಬಂದು ಅದರ ಹೊಟ್ಟೆಗೆ ಕಿವಿಗೊಟ್ಟು ಕೇಳಿದರು.

"ಒಳಗೆ ಸದ್ದೇ ಇಲ್ಲಮ್ಮ. ಗಾಳಿ ಕಟ್ಕೊಂಡಿದೆ. ಹೊಳೆಯಾಚೆ ದೊಡ್ಡ ಆಸ್ಪತ್ರೆಗೆ ಈಗ್ಲೇ ಹೊರಡಿ. ಲದ್ದಿ ಹಾಕಿದ್ರೆ ಬದುಕ್ತು ಅನ್ಕೊಳ್ಳಿ. ಹಾಕದೇ ಇದ್ರೆ..." ಎಂದು ತಮ್ಮ ಚೀಲ ಕಟ್ಟಿಕೊಂಡರು.

ನನ್ನ ಹತ್ತಿರ ವ್ಯಾನಿತ್ತು. ಮನೆ ಬದಲಾಯಿಸುವವರ ಬೀರು, ಮಂಚ ಸಾಗಿಸುವ ಗಾಡಿ. ನನಗೆ ಸ್ನಾನ ತಪ್ಪಿದರೂ ಅದಕ್ಕೆ ತಪ್ಪಿಸಿದವನಲ್ಲ ನಾನು. ನೆಲಕ್ಕೆ ಹುಲ್ಲು ಹಾಸಿ, ಪಕ್ಕದ ಕಿಟಕಿಗಳನ್ನೆಲ್ಲ ತೆರೆದು, ಹಲಗೆ ಇಳಿಬಿಟ್ಟು ಜಂಬದಕೋಳಿಯನ್ನು ಹತ್ತಿಸಿದೆವು. ಅಕ್ಕ ಹಿಂದೆ ಅದರ ಜೊತೆಗೇ ನಿಂತಳು.

ಸೇತುವೆಯ ಬಾಯಲ್ಲಿ ತಪಾಸಣೆ ಕಟ್ಟೆ. ಕನ್ನಡಕದ ಇನ್ಸ್‌ಪೆಕ್ಟರು ಹುಲ್ಲು ನೋಡಿದರು, ಕಿಟಕಿ ನೋಡಿದರು, ಸರಿಯಿದೆ ಎಂಬಂತೆ ತಲೆಯಾಡಿಸಿದರು.

"ಕುದುರೆ ಯಾರದು?"

"ಅಕ್ಕಂದು ಸಾರ್."

"ಗಾಡಿ?"

"ನಂದೇ ಸಾರ್!" ಎಂದು ಎದೆಯುಬ್ಬಿಸಿದೆ. ಆವತ್ತು ಆ ಎದೆ ಉಬ್ಬದಿದ್ದರೆ ಚೆನ್ನಾಗಿತ್ತು.

"ಸ್ವಂತ ಕುದುರೇನ ಸ್ವಂತ ಗಾಡೀಲೇ ಒಯ್ಯೋರಿಗೆ ಲೈಸೆನ್ಸ್ ಬೇಡ. ಬೇರೆಯವರ ಕುದುರೆ ಹೇರ್ಕೊಂಡ್ರೆ ಅದು ಸಾಗಾಟದ ಕಸುಬು. ಅದಕ್ಕೆ ಲೈಸೆನ್ಸ್ ಬೇಕು. ಇದೆಯೇನಪ್ಪಾ?"

"ಬೇರೆಯವರು ಯಾರು ಸಾರ್? ಒಡಹುಟ್ಟಿದ ಅಕ್ಕ! ಮೂಗು ನೋಡಿ, ಇಬ್ರದ್ದೂ ಒಂದೇ ಅಚ್ಚು."

"ಕಾನೂನು ಮೂಗು ನೋಡಲ್ಲ."

ಅಷ್ಟರಲ್ಲಿ ಒಳಗಿನಿಂದ ಜಂಬದಕೋಳಿ ನರಳಿತು. ಮನುಷ್ಯರು ನರಳಿದ ಹಾಗೇ ಇತ್ತು. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಿ, ಒಂದು ದಾರಿ ಇದೆ. ಇಬ್ಬರಲ್ಲಿ ಒಬ್ಬರು ಬಿಟ್ಕೊಡಿ. ಕುದುರೆ ತಮ್ಮಂದಾಗ್ಲಿ, ಇಲ್ಲ ಗಾಡಿ ಅಕ್ಕಂದಾಗ್ಲಿ. ಒಂದು ಚೀಟಿ ಬರೆದು ಸಹಿ ಹಾಕಿ, ಬಿಡ್ತೀನಿ. ಆಫೀಸಿನ ಕೆಲಸ ಆಮೇಲೆ ಮುಗಿಸ್ಕೊಳ್ಳಿ."

"ಅಕ್ಕಾ, ಕುದುರೆ ನಂಗೆ ಕೊಟ್ಟೆ ಅಂತ ಬರೆದ್ಬಿಡೇ. ನಾಳೆ ವಾಪಸ್ ಕೊಡ್ತೀನಿ."

"ನೀನಾ? ನನ್ನ ಹೊಸಾ ಕೊಡೆ ತಗೊಂಡ್ ಹೋದೋನು ವಾಪಸ್ ಕೊಟ್ಯೇನೋ?"

"ಅದು ಗಾಳಿಗೆ ಹಾರ್ಹೋಯ್ತು ಅಂದ್ನಲ್ಲೇ!"

"ನಿನ್ ಕೈಗೆ ಸಿಕ್ಕಿದ್ರೆ ಕುದುರೇನೂ ಹಾರತ್ತೆ."

ಇನ್ಸ್‌ಪೆಕ್ಟರು ನಕ್ಕರು. ಅಕ್ಕ ನಗಲಿಲ್ಲ. ಬೆವತ ಕುದುರೆಯ ಕಿವಿ ಸವರುತ್ತಾ, ತಗ್ಗಿದ ದನಿಯಲ್ಲಿ ಹೇಳಿದಳು:

"ತಮಾಷೆ ಅಲ್ಲ ಕಣೋ. ದಾರೀಲೇ ಇದರ ಉಸಿರು ನಿಂತ್ಹೋದ್ರೆ? ಆ ಹೊತ್ನಲ್ಲಿ ಇದು ನಂದಾಗಿರ್ಬೇಕು. ಇನ್ನೊಬ್ರ ಕುದುರೆ ಆಗಿ ಸಾಯೋದು ಬೇಡ."

"ಗಾಡೀನೇ ಅಕ್ಕನ ಹೆಸರಿಗೆ ಬರೀರಿ ಸಾರ್" ಎಂದೆ. ಗಾಡಿಯ ಬಾನೆಟ್ಟನ್ನು ಒಮ್ಮೆ ತಟ್ಟಿದೆ. ಇನ್ಸ್‌ಪೆಕ್ಟರೇ ಚೀಟಿ ಬರೆದರು. ಕೆಳಗೆ ನಾನು ಕಾಗೆ ಕಾಲು ಗುಬ್ಬಿ ಕಾಲು ಗೀಚಿದೆ. ಗಾಡಿ ಅಕ್ಕನದಾಯಿತು.

ಸೇತುವೆಯಾಚೆ ರಸ್ತೆ ಎಂಬುದು ಹೆಸರಿಗೆ ಮಾತ್ರ. ಗುಂಡಿಗಳ ನಡುವೆ ಅಲ್ಲೊಂದು ಇಲ್ಲೊಂದು ಕಡೆ ಟಾರು ಕಾಣುತ್ತಿತ್ತು. ಒಂದು ಗುಂಡಿಗೆ ಇಳಿದ ಲಾರಿ ಹತ್ತಿ ಬರುವಷ್ಟರಲ್ಲಿ ಡ್ರೈವರನ ಮಗನಿಗೆ ಮದುವೆಯಾಗಿತ್ತಂತೆ. ನಾನಾದರೆ ಅಲ್ಲಿ ಮೊಟ್ಟೆಯ ಮೇಲೆ ನಡೆಯುವ ಹಾಗೆ ಓಡಿಸುವವನು. ಆದರೆ ಈಗ ಗಾಡಿ ನನ್ನದಲ್ಲವಲ್ಲ! ಅವಸರವೂ ಇತ್ತು. ಒತ್ತಿದೆ ನೋಡಿ, ಒಂದು ಗುಂಡಿಯಿಂದ ಎದ್ದ ವ್ಯಾನು ಮುಂದಿನ ಗುಂಡಿಯಲ್ಲೇ ನೆಲ ಮುಟ್ಟುತ್ತಿತ್ತು.

ಹಿಂದಿನಿಂದ ಕೂಗು ಬಂತು: "ಲೋ, ಮೆತ್ತಗೆ ಓಡ್ಸೋ! ಯಾರಪ್ಪನ ಗಾಡಿ ಅನ್ಕೊಂಡಿದೀಯಾ? ನನ್ ಗಾಡಿ ಅದು!"

ಚೀಟಿಯ ಮಸಿ ಇನ್ನೂ ಆರಿರಲಿಲ್ಲ!

ಮುಂದಿನ ಗುಂಡಿಗೆ ಜಂಬದಕೋಳಿ ಗಾಳಿ ಬಿಟ್ಟಿತು. ಗುಡುಗು ಎಂದುಕೊಂಡು ಹೊಲದವರು ಒಣಹಾಕಿದ ಬಟ್ಟೆ ಎತ್ತಿಕೊಂಡು ಓಡಿದರು. ಅದರ ಹಿಂದೆಯೇ ದೊಪದೊಪನೆ ಸದ್ದು.

"ಹಾಕ್ತೋ! ಲದ್ದಿ ಹಾಕ್ತೋ!" ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಗಾಡಿ ನಿಲ್ಲಿಸಿ ಓಡಿಹೋಗಿ ನೋಡಿದೆ. ಲದ್ದಿಯಲ್ಲಿ ಮೊಣಕಾಲವರೆಗೆ ಮುಳುಗಿ, ಕುದುರೆಯ ಕೊರಳು ತಬ್ಬಿ ನಿಂತಿದ್ದಳು. ನಾನು ದಿನಾ ತೊಳೆದಿಟ್ಟ ಗಾಡಿ ಅದು! ಆ ವಾಸನೆಯಷ್ಟು ಹಿತವಾದದ್ದು ನನ್ನ ಮೂಗಿಗೆ ಇವತ್ತಿನವರೆಗೂ ತಾಗಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಪರೀಕ್ಷಿಸಿ, "ಗಾಡಿ ಕುಲುಕಾಟಕ್ಕೆ ಸಡಿಲ ಆಗಿದೆ. ಒಂದೊಂದ್ಸಲ ಹೀಗಾಗತ್ತೆ. ಇವತ್ತು ಇಲ್ಲೇ ಇರ್ಲಿ, ನೋಡ್ಕೋತೀವಿ" ಎಂದರು.

ಮರುದಿನ ವಾಪಸು ಬರುವಾಗ ಅದೇ ಇನ್ಸ್‌ಪೆಕ್ಟರು ತಡೆದರು.

"ಕುದುರೆ?"

"ನಂದು," ಎಂದಳು ಅಕ್ಕ.

"ಗಾಡಿ?"

"ಅದೂ ನಂದೇ."

"ಓಡಿಸ್ತಿರೋನು?"

"ಇವನೊಬ್ಬ ಬೇಡ ಅಂದ್ರೂ ನಂದೇ, ಏನ್ಮಾಡ್ಲಿ?"

ಮನೆ ಮುಟ್ಟಿದ ಮೇಲೆ ಕೇಳಿದೆ, "ಚೀಟಿ ಹರಿದಾಕೇ ಅಕ್ಕಾ."

"ಹರಿದ್ರೆ, ಮತ್ತೆ ಇದಕ್ಕೆ ಹೊಟ್ಟೆನೋವು ಬಂದಾಗ? ಸೇತುವೆ ಹತ್ರ ಮತ್ತೆ ಮೂಗು ತೋರಿಸ್ತೀಯಾ?" ಎಂದವಳೇ ಗಾಡಿಯ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಅಲ್ಲಿಂದಾಚೆಗೆ ನಾನು ದಿನಾ ಬೆಳಿಗ್ಗೆ ಅವಳ ಬಾಗಿಲಲ್ಲಿ ನಿಂತು, "ಅಕ್ಕಾ, ನಿನ್ ಗಾಡಿ ಕೊಡೇ, ಕೆಲ್ಸಕ್ ಹೋಗ್ಬೇಕು" ಅನ್ನಬೇಕು. ಅವಳು ತಟ್ಟೆಗೆ ತಿಂಡಿ ಹಾಕಿ ಎದುರು ಕೂರುತ್ತಾಳೆ, ಹಿಂದಿನ ದಿನದ್ದೆಲ್ಲ ಹೇಳುತ್ತಾಳೆ. ತಿಂದು, ಕೇಳಿ ಮುಗಿಸುವ ತನಕ ಗಂಟು ಬಿಚ್ಚುವುದಿಲ್ಲ. ಬಾಯ್ತುಂಬ ತಿಂಡಿ ಇರುತ್ತದಲ್ಲ, ಈಗ ನಾನು ಮಧ್ಯೆ ಮಾತಾಡುವುದೂ ಇಲ್ಲ.