ರಾಜನ ಹೊದಿಕೆಯಲ್ಲಿ ಏಳು ಜನ

"ಗಾಳಿ ಕೆಳಕ್ಕೆ ನಿಲ್ಲೆ, ನಾತದ ಮುಂಡೆ!"

ಮಿಗ್ಗಿನ್‌ನ ಕೋಲು ಅರಿಶಾತಳ ಸೊಂಟಕ್ಕೆ ಬಿತ್ತು. ಸೀಸದ ಹಂಡೆಯೊಳಗೆ ಸೊಂಟದವರೆಗೆ ಬಗ್ಗಿ, ತಳಕ್ಕೆ ಹತ್ತಿದ ಹಳೆಯ ಕರಿಕನ್ನು ಚಿಪ್ಪಿನಿಂದ ಕೆರೆಯುತ್ತಿದ್ದವಳು ಹೊರಗೆ ಬಂದು, ಗಾಳಿ ಯಾವ ಕಡೆಯದೆಂದು ನೋಡಿ, ಎಂಟು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ಎಂಟು ಹೆಜ್ಜೆ ಅರಮನೆಯ ಕಟ್ಟಳೆ. ಮುಳ್ಳುಶಂಖದ ಕರುಳು ಕೊಳೆಸಿ ಕೆನ್ನೇರಳೆ ಬಣ್ಣ ಬೇಯಿಸುವವರ ಮೈನಾತ ಅದರಿಂದ ಈಚೆಗೆ ಬರಬಾರದು. ಅವರು ಅದ್ದಿದ ಉಣ್ಣೆ ಬರಬಹುದು. ಆದರೆ ಅದು ಒಣಗಿ ಬಟ್ಟೆಯಾದ ಮೇಲೆ ಅವರು ಮುಟ್ಟಿದರೆ ಕೈಗೆ ಬರೆ.

ಹೋದ ತಿಂಗಳವರೆಗೆ ಮಿಗ್ಗಿನ್ ರಾಜನ ಪಾರುಪತ್ಯಗಾರ. ಈಗ ರೋಮಿನವರ ಪಾರುಪತ್ಯಗಾರ. ಕೋಲು ಮಾತ್ರ ಅದೇ. ಅವನ ಹಿಂದೆ ರೋಮಿನ ದಳಪತಿ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದ. ಇಬ್ಬರು ಸಿಪಾಯಿಗಳು ಒಂದು ಪೆಟ್ಟಿಗೆಯನ್ನು ಮರಳಿನ ಮೇಲೆ ಇಳಿಸಿದರು.

ರಾಜ ಸತ್ತ ಸುದ್ದಿ ಉಪ್ಪಿನ ದೋಣಿಯವರೊಂದಿಗೆ ದ್ವೀಪಕ್ಕೆ ಬಂದಿತ್ತು. ರೋಮಿನಲ್ಲಿ ಬೆಳೆದು, ರೋಮಿನವರು ಕೊಟ್ಟ ದಂತದ ಪೀಠದ ಮೇಲೆ ಕೂತು ಆಳಿದವನು. "ನಮ್ ರಾಜಂಗೆ ಸೀನು ಬಂದ್ರೂ ಮೂಗು ಹಿಡ್ಕಂಡು ಕೂತಿರ್ತಾನೆ ಕಣ್ಲಾ, ರೋಮಿಂದ ಅಪ್ಪಣೆ ಬರಗಂಟ" ಎಂದು ಶಂಖಕ್ಕಾಗಿ ಕಡಲಿಗಿಳಿಯುವ ಮುಳುಗುಗಾರರು ನಗುತ್ತಿದ್ದರು. ಚಕ್ರವರ್ತಿ ಕರೆದ, ರಾಜ ಹೋದ. ಆಟದ ಬಯಲಿಗೆ ಹೊಸ ಹೊದಿಕೆ ಹೊದ್ದು ಬಂದಾಗ ಜನರ ಕಣ್ಣೆಲ್ಲ ಚಕ್ರವರ್ತಿಯನ್ನು ಬಿಟ್ಟು ಅವನ ಹೆಗಲಿಗೆ ಹೊರಳಿದವಂತೆ. ಚಕ್ರವರ್ತಿಗೆ ಅವನನ್ನು ಕೊಲ್ಲಿಸಲು ಅಷ್ಟು ಸಾಕಾಯಿತು.

ಮಿಗ್ಗಿನ್ ಪೆಟ್ಟಿಗೆ ತೆಗೆದು ಅದೇ ಹೊದಿಕೆಯನ್ನು ಎತ್ತಿ ಬಿಸಿಲಿಗೆ ಹರಡಿ ಹಿಡಿದ. ಕತ್ತಿನ ಬಳಿ ಅಂಗೈಯಗಲ ಹರಿದಿತ್ತು. ಸುತ್ತ ರಕ್ತ ಒಣಗಿ ಗಟ್ಟಿಯಾಗಿತ್ತು.

ಅರಿಶಾತಳಿಗೆ ಸಿಳ್ಳು ಕೇಳಿಸಿತು.

ಮುಳುಗುಗಾರರು ನೀರಿನಿಂದ ತಲೆ ಎತ್ತಿದ ಕೂಡಲೇ, ಹೊಸ ಉಸಿರು ಎಳೆಯುವ ಮೊದಲು, ಹಳೆಯ ಉಸಿರನ್ನು ಸಣ್ಣ ಸಿಳ್ಳಾಗಿ ಬಿಡುತ್ತಾರೆ. ಒಬ್ಬೊಬ್ಬರದೂ ಒಂದೊಂದು ಬಗೆ. ದಡದಲ್ಲಿ ಕೂತ ಹೆಂಗಸರು ತಲೆ ಎತ್ತದೆಯೇ ಬದುಕಿ ಬಂದವನು ಯಾರೆಂದು ಹೇಳುತ್ತಾರೆ. ಅವಳ ಗಂಡ ನಂಫಾಮೊನದು ಉದ್ದನೆಯ ಸಿಳ್ಳು, ಕೊನೆಯಲ್ಲಿ ಮುರಿಯುತ್ತಿತ್ತು. ಹೋದ ಚಳಿಗಾಲ ಅವನು ಮುಳುಗಿ ಮೇಲೆ ಬಾರದೆ ಹೋದ ಮೇಲೆ ಕುದಿಯುವ ಹಂಡೆಯ ನೊರೆಯಡಿಯಿಂದ ಅದೇ ಸಿಳ್ಳು ಬರುತ್ತಿತ್ತು. ಗಂಡನನ್ನು ಕಳೆದುಕೊಂಡ ಉಳಿದ ಹೆಂಗಸರಿಗೂ ಅವರವರದು ಕೇಳುತ್ತಿತ್ತು. ಎಲ್ಲರೂ ಹಂಡೆ ಕದಡುತ್ತಲೇ ಇದ್ದರು. ಈಗ ಹಂಡೆ ತಣ್ಣಗಿದೆ. ಸಿಳ್ಳು ಬಟ್ಟೆಯಿಂದ ಬರುತ್ತಿದೆ.

ದಳಪತಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಮಿಗ್ಗಿನ್ ಅದನ್ನು ದ್ವೀಪದ ಮಾತಿಗೆ ತಂದ.

"ಚಕ್ರವರ್ತಿಗೆ ಇದೇ ಬಣ್ಣ ಬೇಕಂತೆ. ಯಾವ ಸೀಮೆ ಬಣ್ಣಗಾರನ ಕೈಲೂ ಆಗ್ಲಿಲ್ವಂತೆ. ಬಿಸ್ಲಿಗೆ ಹಿಡಿದ್ರೆ ತಳದಾಗೆ ಏನೋ ಕರ್ರಗೆ ಅಲ್ಲಾಡ್ತದೆ, ನೀರೊಳಗೆ ಆಳು ಇದ್ದಂಗೆ. ಏನ್ರೋ ಹಾಕಿದ್ರಿ ಇದ್ಕೆ?"

ದಡದಲ್ಲಿ ಸಾಲಾಗಿ ನಿಂತಿದ್ದ, ಬದುಕಿ ಉಳಿದ ಹನ್ನೊಂದು ಮುಳುಗುಗಾರರು ನೆಲ ನೋಡಿದರು.

"ಉಚ್ಚೆ, ದಣಿ," ಎಂದ ಬಾರಿಕ್, ಅರಿಶಾತಳ ಮೈದುನ. "ರಾಜ್ರಿಗೆ ಅಂತ ಒಸಿ ಜಾಸ್ತಿನೇ ಹಾಕಿದ್ವು."

ಯಾರೋ ಕಿಸಕ್ಕೆಂದರು. ಕೋಲು ಬಿದ್ದು ಬಾರಿಕ್‌ನ ಕಿವಿ ಹರಿಯಿತು.

ಹಾಕಿದ್ದು ಕೂದಲು. ಕಡಲಿಗಿಳಿಯುವ ಗಂಡಸು ಒಂದು ಎಳೆ ಕೂದಲು ಕತ್ತರಿಸಿ ಮನೆಯ ಗೂಡಿನಲ್ಲಿ ಇಟ್ಟು ಹೋಗುತ್ತಾನೆ. ಬಂದರೆ ತಾನೇ ಒಲೆಗೆ ಹಾಕುತ್ತಾನೆ. ಬಾರದಿದ್ದರೆ, ಹೆಣವೂ ಸಿಗದಿದ್ದರೆ, ಹೂಳಲು ಇರುವುದು ಅದೊಂದೇ. ಆದರೆ ಹೋದ ಚಳಿಗಾಲ ಹೂಳಲು ಬಿಡುವಿರಲಿಲ್ಲ. ರೋಮಿಗೆ ಹಡಗು ಹತ್ತುವ ಮೊದಲು ರಾಜನಿಗೆ ಹೊದಿಕೆ ಬೇಕಿತ್ತು. ಹುಚ್ಚೆದ್ದ ನೀರಿಗೆ ಇದೇ ಕೋಲು ಗಂಡಸರನ್ನು ಅಟ್ಟಿತು. ಹತ್ತು ದಿನ ಹೆಂಗಸರನ್ನು ಹಂಡೆಯ ಬಳಿಯಿಂದ ಏಳಗೊಡಲಿಲ್ಲ. ಮೊದಲ ವಿಧವೆ ಸೆರಗಿನ ಗಂಟು ಬಿಚ್ಚಿ ಕೂದಲನ್ನು ಹಂಡೆಗೇ ಹಾಕಿದಳು. ಆಮೇಲೆ ಎಲ್ಲರೂ. ಅರಿಶಾತ್ ನಾಲ್ಕನೆಯವಳು.

"ದಣಿ," ಎಂದಳು ಅರಿಶಾತ್. ತನ್ನ ದನಿ ತನಗೇ ಹೊಸದೆನಿಸಿತು. "ಅದ ನಮ್ಗೆ ಕೊಡಿ. ಮಣ್ಣು ಮಾಡ್ತೀವಿ."

"ಅಬ್ಬಬ್ಬ! ಸತ್ತ ರಾಜನ ಮ್ಯಾಲೆ ಏನೇ ನಿಂಗೆ ಅಷ್ಟು ಅಕ್ಕರೆ?"

"ಅದ್ರಾಗೆ ರಾಜ ಎಲ್ಲವ್ನೆ ದಣಿ? ಅವ್ನು ಹೊದ್ಕಂಡಿದ್ದ, ಅಷ್ಟೆಯ. ಒಳಗಿರೋರು ನಮ್ಮೋರು."

ಅವಳು ಕೂದಲಿನ ಸಂಗತಿ ಹೇಳಿದಳು, ನಾಲ್ಕೇ ಮಾತಿನಲ್ಲಿ. ಮಿಗ್ಗಿನ್‌ನ ಕೈ ಸಡಿಲಿ ಹೊದಿಕೆಯ ಅಂಚು ಮರಳಿಗೆ ತಾಗಿತು. ಬಟ್ಟೆಯನ್ನು ಮೈಯಿಂದ ದೂರ ಹಿಡಿದುಕೊಂಡೇ ಅವನು ದಳಪತಿಗೆ ತಿಳಿಸಿದ. ದಳಪತಿ ಮೊದಲ ಸಲ ಮೂಗಿನ ಬಟ್ಟೆ ತೆಗೆದ. ಹೆದರಿದವನಂತೆ ಕಾಣಲಿಲ್ಲ. ಬಹಳ ದಿನ ಹುಡುಕಿದ್ದು ಸಿಕ್ಕವನ ಮುಖ ಅದು. ಒಂದೇ ಮಾತು ಕೇಳಿದ.

"ಎಷ್ಟು ಜನ, ಅಂತ ಕೇಳ್ತಾವ್ರೆ," ಎಂದ ಮಿಗ್ಗಿನ್.

"ಏಳು."

ದಳಪತಿ ಮುಳುಗುಗಾರರ ಕಡೆ ತಿರುಗಿ, ಒಬ್ಬೊಬ್ಬರನ್ನೇ ನೋಡಿ, ತಲೆಯಾಡಿಸಿ ಏನೋ ಹೇಳಿದ. ಮಿಗ್ಗಿನ್ ತುಟಿ ಒದ್ದೆ ಮಾಡಿಕೊಂಡ.

"ಈಗ್ಲೂ ಏಳು ಜನ ಸಾಕಂತೆ, ನೀರಿಗೆ."

ಗಾಳಿ ಬೀಸುತ್ತಲೇ ಇತ್ತು. ದೂರದ ಬಂಡೆಗೆ ಅಲೆ ಬಡಿದು ಬೆಳ್ಳಗೆ ಏಳುತ್ತಿತ್ತು.

"ಕೇಳ್ಸ್ಕೊಳ್ಳೆ," ಎಂದ ಮಿಗ್ಗಿನ್. ಈಗ ಅವನ ದನಿ ಮೆತ್ತಗಾಗಿತ್ತು. "ನಾಲ್ಗೆ ಇಟ್ಟು ಹಂಡೆ ಬಣ್ಣದ ಹದ ಹೇಳೋಳು ಈ ದ್ವೀಪದಾಗೆ ನೀನೊಬ್ಳೆ ಉಳ್ದಿರೋದು. ಬಿಸ್ಲುಗಾಲದ ಮೊದಲ್ನೆ ಹಡಗಿಗೆ ಹೊದಿಕೆ ಆಗ್ಬೇಕು. ಅದಾದ್ರೆ ನೀನು ಯಾರ ಆಳೂ ಅಲ್ಲ. ಬರ್ದು ಕೊಡ್ತಾರೆ. ಆಚೆ ದಡದಾಗೆ ಎಲ್ಲಿ ಬೇಕಾದ್ರೂ ಇರು, ಬೇಕಾದೋರ ಪಕ್ಕ ಕೂತ್ಕಂಡು ಉಣ್ಣು. ಈ ಹಳೇದೂ ನಿಂದೇಯ. ಹೂಳ್ಕೊ, ಸುಟ್ಕೊ."

ದಳಪತಿ ಹೊದಿಕೆಯನ್ನು ಅವನ ಕೈಯಿಂದ ಕಿತ್ತುಕೊಂಡು, ಎಂಟು ಹೆಜ್ಜೆಯನ್ನು ತಾನೇ ದಾಟಿ ಬಂದು, ಅವಳ ತೋಳುಗಳ ಮೇಲೆ ಹಾಕಿದ.

ಹನ್ನೆರಡು ವರ್ಷ ಅದ್ದಿದವಳು ಅದ್ದಿದ ಬಟ್ಟೆಯನ್ನು ಮುಟ್ಟಿದ್ದು ಅಂದೇ ಮೊದಲು. ಅಷ್ಟು ಭಾರವಿರುತ್ತದೆಂದು ತಿಳಿದಿರಲಿಲ್ಲ. ನೀರಿನಿಂದ ಎಳೆದುಕೊಂಡ ಮೈಯ ಹಾಗೆ ಅದು ಅವಳ ಎದೆಗೆ ಒರಗಿತು. ಸಿಳ್ಳು ನಿಂತಿತು. ಮೇಲೆ ಬಂದವನು ಹೊಸ ಉಸಿರಿಗೆಂದು ಬಾಯಿ ತೆರೆದು, ಇನ್ನೂ ಎಳೆದುಕೊಳ್ಳದ ಆ ಗಳಿಗೆಯ ಮೌನ.

ಬಾರಿಕ್ ಸೊಂಟದ ಚೂರಿ ತೆಗೆದ. ಸಿಪಾಯಿಗಳು ಕತ್ತಿ ಹಿರಿದರು. ಅವನು ಅವರ ಕಡೆ ನೋಡದೆ, ಹರಿದ ಕಿವಿಯ ಮೇಲಿನ ಒಂದು ಎಳೆ ಕೂದಲನ್ನು ಕೊಯ್ದು ಅತ್ತಿಗೆಯ ಮುಂದೆ ಹಿಡಿದ.

"ತಕೊ, ಅತ್ಗೆ. ಹೆಂಗಿದ್ರೂ ಈ ಬಡ್ಡೆತ್ತವು ನಮ್ಮುನ್ನ ನೀರಿಗೆ ನೂಕ್ತವೆ. ಅಣ್ಣನಾದ್ರೂ ಮಣ್ಣು ಕಾಣ್ಲಿ. ನೀನು ಆಚೆ ಹೋಗು."

ಅವಳು ಕೂದಲನ್ನು ನೋಡಿದಳು. ಬಾರಿಕ್‌ನ ಹಿಂದೆ ಇನ್ನಿಬ್ಬರ ಕೈ ಚೂರಿಗೆ ಹೋಗಿತ್ತು.

"ಹೂಂ ಅನ್ನೆ," ಎಂದ ಮಿಗ್ಗಿನ್. "ಇಲ್ಲ ಅಂದ್ರೆ ಇವ್ರು ತೊಲೆಗೆ ಮೊಳೆ ಹೊಡ್ದು ನಿಲ್ಲಿಸ್ತಾರೆ ನಿನ್ನ. ಮೂರು ದಿನ ತಕೊಳ್ತದಂತೆ ಜೀವ ಹೋಗಾಕೆ. ಸುಮ್ಕೆ ಹೂಂ ಅಂದ್ಬುಡು, ತಾಯಿ."

ತಾಯಿ ಎಂದು ಅವನು ದ್ವೀಪದಲ್ಲಿ ಯಾರನ್ನೂ ಕರೆದಿರಲಿಲ್ಲ.

ಅರಿಶಾತ್ ಹೊದಿಕೆಯನ್ನು ಅವಸರವಿಲ್ಲದೆ ಮಡಚಿದಳು, ಹರಿದ ಭಾಗ ಒಳಗಾಗುವಂತೆ. ಒಮ್ಮೆ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಎರಡೂ ಕೈಯಿಂದ ಅದನ್ನು ದಳಪತಿಯ ಎದೆಗೆ ಹಿಡಿದಳು. ಅವನು ತೆಗೆದುಕೊಳ್ಳುವವರೆಗೆ ಹಿಡಿದೇ ಇದ್ದಳು.

"ಏನಂತಾಳೆ?" ಎಂಬಂತೆ ಅವನು ಮಿಗ್ಗಿನ್‌ನ ಕಡೆ ನೋಡಿದ.

"ಒಲ್ಲೆ ಅಂತ ಹೇಳಿ ದಣಿ," ಎಂದಳು ಅರಿಶಾತ್. "ಯಾವ ಹಂಡೆಗೂ ನಾನು ಇನ್ನು ನಾಲ್ಗೆ ಇಡಾಕಿಲ್ಲ."